ಹಲ್ಲು ಬಿಡುವಲ್ಲಿ ಬಾಯಿ

ಹಲ್ಲಿರುವ ಯಾವ ಚಕ್ರವನ್ನಾದರೂ ತಂದು ಮುಂದಿಡಿ, ಅದಕ್ಕೆ ನೋವೆಲ್ಲಿ ಎಂದು ಮುಟ್ಟಿ ಹೇಳುತ್ತೇನೆ ಎನ್ನುವ ಮನುಷ್ಯ ಹುನ್ನೂರಿನ ಈರಪ್ಪ ಮಿಸ್ತ್ರಿ. ಇದರಲ್ಲಿ ಅರ್ಧ ಜಂಬ, ಅರ್ಧ ನಿಜ. ಜಮಖಂಡಿಯಿಂದ ಮುಧೋಳದವರೆಗೆ ಕಬ್ಬು ಅರೆಯುವ ಯಾವ ಗಾಣ ನಿಂತರೂ ಕರೆ ಬರುತ್ತಿದ್ದುದು ಅವನಿಗೇ. ಸೈಕಲ್ಲಿನ ಹಿಂದೆ ಪಾನಾ, ಸುತ್ತಿಗೆ, ಕಾನಸುಗಳ ಚೀಲ ಕಟ್ಟಿಕೊಂಡು ಹೋಗುತ್ತಿದ್ದ, ಗಾಣದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದ, ಸಂಜೆಯೊಳಗೆ ಕಬ್ಬಿನ ಹಾಲು ಹರಿಯುವಂತೆ ಮಾಡಿ ಬರುತ್ತಿದ್ದ. ಅವನಿಗಿದ್ದದ್ದು ಒಂದೇ ಕೆಟ್ಟ ಚಾಳಿ. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ಒಂದು ಸಲವೂ ‘ನನ್ನ ತಪ್ಪು’ ಎಂದವನಲ್ಲ. ಗಾಣ ಸರಿಹೋದರೆ ಅದು ಅವನ ಕೈಗುಣ, ಹೋಗದಿದ್ದರೆ ಕಬ್ಬಿನ ದೋಷ.

ಅಂಥವನು ಬುಲ್ಡೋಜರಿನ ಹೊಟ್ಟೆಗೆ ಕೈ ಹಾಕಿದ ದಿನ ಯಾವುದೆಂದರೆ, ಸಾವಿರದ ಒಂಬೈನೂರಾ ಎಪ್ಪತ್ತೊಂಬತ್ತರ ಜೂನ್ ತಿಂಗಳಿನ ಒಂದು ಸೋಮವಾರ.

ಊರ ಮಂದಿ ಹಳ್ಳಕ್ಕೆ ಅಡ್ಡಲಾಗಿ ಕೆರೆಯ ಒಡ್ಡು ಕಟ್ಟುತ್ತಿದ್ದರು. ಎರಡು ಬೇಸಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಆಚೆ ದಂಡೆಯಿಂದ ಒಂದು ತೋಳು, ಈಚೆ ದಂಡೆಯಿಂದ ಒಂದು ತೋಳು ಎತ್ತಿ ತಂದಿದ್ದರು. ಹೆಚ್ಚಿನ ನೀರು ಹೋಗಲು ಪಕ್ಕದಲ್ಲಿ ಕಲ್ಲಿನ ಕೋಡಿಯೂ ಸಿದ್ಧವಾಗಿತ್ತು. ಎರಡು ತೋಳುಗಳ ನಡುವೆ, ಹಳ್ಳ ಹರಿಯುವ ಜಾಗದಲ್ಲಿ, ಹತ್ತು ಮಾರು ಮಾತ್ರ ಬಿಟ್ಟಿದ್ದರು. ಅದಕ್ಕೆ ಕೆರೆಯ ಬಾಯಿ ಎಂದು ಹೆಸರು. ಆ ಬಾಯಿ ಮುಚ್ಚುವುದು ಬುಟ್ಟಿಯ ಕೆಲಸವಲ್ಲ, ಒಂದೇ ಹೊಡೆತಕ್ಕೆ ಆಗಬೇಕಾದ್ದು. ಅದಕ್ಕೆಂದೇ ಸರಕಾರದ ಬುಲ್ಡೋಜರ್ ಬಂದಿತ್ತು. ಬಾಯಿ ಮುಚ್ಚುವ ಮೊದಲು ಹಳ್ಳ ಬಂದುಬಿಟ್ಟರೆ ಅಷ್ಟೂ ನೀರು ಆ ಸಂದಿನಲ್ಲೇ ನುಗ್ಗಿ, ಎರಡೂ ಕಡೆಯ ಹಸಿ ಮಣ್ಣನ್ನು ಕಡಿದು, ಎರಡು ಬೇಸಿಗೆಯ ದುಡಿತವನ್ನು ಒಂದು ಮಧ್ಯಾಹ್ನದಲ್ಲಿ ಕೃಷ್ಣೆಗೆ ಸೇರಿಸುತ್ತಿತ್ತು.

ಬುಲ್ಡೋಜರು ನಸುಕಿನಿಂದ ಕೆಲಸ ಮಾಡಿ ಬಾಯಿಯನ್ನು ಅರ್ಧ ಎತ್ತರಕ್ಕೆ ತುಂಬಿತ್ತು. ಒಂಬತ್ತು ಗಂಟೆಗೆ ನಿಂತಿತು. ಪಡುವಲ ಕಡೆ ಮೋಡ ಕರ್ರಗೆ ಕೂಡುತ್ತಿತ್ತು.

ಎಂಜಿನ್ ನಿಂತಿರಲಿಲ್ಲ. ಅದು ಡುಗುಡುಗು ಎಂದು ಹೊಗೆ ಬಿಡುತ್ತಲೇ ಇತ್ತು. ಗಾಡಿ ಮಾತ್ರ ಹಿಂದೂ ಇಲ್ಲ, ಮುಂದೂ ಇಲ್ಲ. ಅದನ್ನು ಓಡಿಸುವ ಹಣಮಪ್ಪ ಜಮಖಂಡಿಯವನು, ಮೆತ್ತನೆ ಮಾತಿನ ಹುಡುಗಾಟವಿಲ್ಲದ ಆಳು, ಖಾಕಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತ ಕೆಳಗಿಳಿದ.

“ಎಂಜಿನ್ ಛಲೋ ಐತ್ರಿ. ಗೇರ್ ಹಾಕಿದ್ರ ಗಾಡಿ ಸರೀವಲ್ದು. ಎಣ್ಣಿ ಒತ್ತಡ ತೋರ್ಸೂ ಮುಳ್ಳು ಸೊನ್ನಿಗೆ ಬಂದು ಕುಂತೈತಿ” ಎಂದ.

ಪಂಚಾಯ್ತಿ ಚೇರಮನ್ ಲಗಮಪ್ಪ ಆಗಲೇ ಟೋಪಿ ಸರಿಮಾಡಿಕೊಂಡು ಹೊರಟಿದ್ದ. “ನಾ ಜಮಖಂಡಿಗೆ ಹೋಗಿ ಫೋನ್ ಹಚ್ಚತೇನಿ. ಇಲಾಖೆದ ಮೆಕ್ಯಾನಿಕ್ ಬರಲಿ.”

“ಅಂವ ಚಾ ಕುಡದು ಹೊರಡೂದ್ರಾಗ ನಿಮ್ಮ ಒಡ್ಡು ಹೊಳಿ ಸೇರಿರತೈತ್ರಿ ಚೇರಮನ್ನರ” ಎಂದು ಈರಪ್ಪ ಗುಂಪಿನಿಂದ ಮುಂದೆ ಬಂದ. “ಒಳಗ ಹಲ್ಲಿನ ಚಕ್ರ ಅದಾವಿಲ್ಲೋ? ಹಲ್ಲಂದಮ್ಯಾಲ ನಾ ಏನು ಸತ್ತೇನೇನು? ಒಂದು ತಾಸು ಕೊಡ್ರಿ.”

ಅಷ್ಟು ಜನರ ಮುಂದೆ ಅಷ್ಟು ದೊಡ್ಡ ಮಾತು. ಲಗಮಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಜಮಖಂಡಿಗೆ ಹೋಗಲಿಲ್ಲ. ಅಲ್ಲಿಗೆ ಕೆರೆಯ ಗತಿ ಈರಪ್ಪನ ಕೈಗೆ ಬಂತು.

ಈರಪ್ಪ ಧೋತರ ಮೇಲೆ ಕಟ್ಟಿ ಗಾಡಿಯ ಅಡಿಗೆ ನುಸುಳಿದ. ಹಣಮಪ್ಪ ಬ್ಯಾಟರಿ ಹಿಡಿದು ಬಗ್ಗಿ, ತನಗೆ ಗೊತ್ತಿದ್ದಷ್ಟು ಹೇಳಿಕೊಟ್ಟ. “ಎಂಜಿನ್‌ದ ಬಲಾ ಗಾಲಿ ಚೈನಿಗೆ ಹೋಗೂ ಹಾದ್ಯಾಗ ಒಂದರ ಮಗ್ಗಲಿಗೊಂದು ತಾಟು ಅದಾವ್ರಿ. ಎಣ್ಣಿ ಜೋರಲೇ ಒತ್ತಿದ್ರ ತಾಟು ಗಟ್ಟಿ ಹಿಡಕೋತಾವು, ಗಾಡಿ ಹೊಂಡತೈತಿ. ಎಣ್ಣಿ ಒತ್ತಲಿಲ್ಲಂದ್ರ ತಾಟು ಸಡಲ, ಎಂಜಿನ್ ಸುಮ್ನ ಒದರತೈತಿ. ಆ ಎಣ್ಣಿ ಒತ್ತೂದು ಅಲ್ಲೇ ಎಡಕ್ಕ ಐತಲ್ಲ, ತೆಂಗಿನಕಾಯಿ ಗಾತ್ರದ್ದು, ಆ ಪಂಪು.”

ತೆಂಗಿನಕಾಯಿ ಗಾತ್ರದ ಆ ಕಬ್ಬಿಣದ ಗಡ್ಡೆಗೆ ಎರಡು ರಬ್ಬರ್ ಪೈಪುಗಳಿದ್ದವು. ಒಂದು ಕೆಳಗಿನ ಎಣ್ಣೆ ತೊಟ್ಟಿಯಿಂದ ಬರುವುದು, ಇನ್ನೊಂದು ಎಣ್ಣೆ ಸೋಸುವ ಡಬ್ಬಿಯ ಕಡೆ ಹೋಗುವುದು. ಹಿಂದೆ ಯಾರೋ ರಿಪೇರಿ ಮಾಡಿದವರು ಎರಡಕ್ಕೂ ಒಂದೇ ಅಳತೆಯ ಪೈಪು ಹಾಕಿದ್ದರು. ಹಾಕುವಾಗ ಒಂದರ ಮೇಲೊಂದು ಅಡ್ಡ ಹಾಯಿಸಿ, ಕತ್ತರಿಯಂತೆ ಹಾಕಿದ್ದರು. ಅದನ್ನು ನೋಡಿಯೇ ಈರಪ್ಪ ಮೂಗು ಮುರಿದ. ಪೈಪು ಬಿಚ್ಚಿ, ಪಂಪು ಇಳಿಸಿ, ಹೊರಗೆ ತಂದು ಗೋಣಿತಟ್ಟಿನ ಮೇಲಿಟ್ಟು ಮುಚ್ಚಳ ತೆಗೆದ.

ಒಳಗೆ ನೋಡಿದವನಿಗೆ ಮೈಯೆಲ್ಲ ಪುಳಕ. ಎರಡು ಗೇರುಗಳು, ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಕೂತು, ಪಂಪಿನ ಗೋಡೆಗೆ ಕೂದಲಿನಷ್ಟೂ ಸಂದು ಬಿಡದೆ, ಎಣ್ಣೆಯಲ್ಲಿ ಮಿಂದು ಥಳಥಳ ಹೊಳೆಯುತ್ತಿದ್ದವು. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಇನ್ನೊಂದನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಅಷ್ಟೇ ಸಂಸಾರ.

“ಅಯ್ಯ, ಇದು ನಮ್ಮ ಗಾಣನೇ ಐತಲ್ಲೋ!” ಎಂದು ಕೂಗಿದ. “ಗಾಣದ ಮರಿ!”

ರೋಗವೂ ಸಿಕ್ಕಿತು. ಎಲ್ಲಿಂದಲೋ ಬಂದ ಉಕ್ಕಿನ ಚೂರೊಂದು ಹಲ್ಲುಗಳ ನಡುವೆ ಸಿಕ್ಕಿ ಚಕ್ರ ಬಿಗಿದಿತ್ತು. ಬಿಗಿದ ಹೊಡೆತಕ್ಕೆ, ಅಚ್ಚಿನ ಮೇಲೆ ಚಕ್ರವನ್ನು ಹಿಡಿದಿಡುವ ಚಾವಿ, ಅಂದರೆ ಬೆರಳ ತುದಿಯಷ್ಟು ಉಕ್ಕಿನ ತುಂಡು, ಎರಡು ಹೋಳಾಗಿತ್ತು. ಎಂಜಿನ್ ತಿರುಗಿದರೂ ಪಂಪು ತಿರುಗುತ್ತಿರಲಿಲ್ಲ. ಈರಪ್ಪ ಚೂರನ್ನು ತೆಗೆದ, ಹಲ್ಲುಗಳನ್ನು ಒಂದೊಂದಾಗಿ ಉಗುರಿನಿಂದ ಸವರಿ ನೋಡಿದ, ಗಾಣದ ಹಳೇ ಚಾವಿಯೊಂದನ್ನು ಚೀಲದಿಂದ ತೆಗೆದು ಕಾನಸಿನಲ್ಲಿ ಉಜ್ಜಿ ಉಜ್ಜಿ ಅಳತೆಗೆ ತಂದ. ಆ ಕೈ ನೋಡುವಂತಿತ್ತು. ಹಣಮಪ್ಪ ಬಾಯಿ ತೆರೆದುಕೊಂಡು ನೋಡಿದ.

ಪಂಪು ಕೂರಿಸಿ ಪೈಪು ಹಾಕುವಾಗ ಹಣಮಪ್ಪ ಮೆಲ್ಲಗೆ ಹೇಳಿದ: “ಮಿಸ್ತ್ರಿಯವರ, ಪೈಪು ಕತ್ತರಿ ಹಾಕಿದಂಗ ಇದ್ದೂವ್ರಿ.”

“ಕತ್ತರಿ ಹಾಕಿದಾಂವ ಕುಡದಿದ್ದ ಅಂತ ತಿಳಕೊ. ಅದಕ್ಕ ನಿನ್ನ ಗಾಡಿ ಮಲಗೇತಿ.” ಈರಪ್ಪ ಪಂಪಿನ ಎರಡು ರಂಧ್ರಗಳ ಕಡೆ ಬೆರಳು ಮಾಡಿದ. “ಚಕ್ರ ಎತ್ತಾಗ ತಿರಗತಾವ ನೋಡೀನಿ ನಾ. ಗಾಣದಾಗ ಕಬ್ಬು ಎಲ್ಲಿ ಕೊಡತಾರ? ಉರುಳಿ ಎರಡೂ ಬಂದು ಕೂಡೂ ಕಡೆ. ಅಲ್ಲಿ ಕಚ್ಚತಾವ, ಒಳಗ ಎಳಕೋತಾವ, ಆ ಮಗ್ಗಲಿಗೆ ಒಗೀತಾವ. ಕಚ್ಚೂ ಕಡೆ ಬಾಯಿ. ಈ ಗಾಣಕ್ಕೂ ಹಲ್ಲು ಕಚ್ಚೂ ಕಡೆನ ಬಾಯಿ. ತೊಟ್ಟಿ ಪೈಪು ಇಲ್ಲಿಗೆ ಬರಬೇಕು. ನೋಡು, ಎಷ್ಟು ನೆಟ್ಟಗ ಕುಂದರ್ತು!”

ನಿಜವಾಗಿಯೂ ನೆಟ್ಟಗೆ ಕೂತಿತು. ಕತ್ತರಿಯಿಲ್ಲ, ಗೊಂದಲವಿಲ್ಲ, ಎರಡು ಪೈಪುಗಳು ಎರಡು ಎತ್ತುಗಳಂತೆ ಪಕ್ಕಪಕ್ಕ. ಹಣಮಪ್ಪ ಬ್ಯಾಟರಿ ಆರಿಸಿ ಗಾಡಿ ಹತ್ತಿದ. ಇಪ್ಪತ್ತೆಂಟು ವರ್ಷದ ಮಿಸ್ತ್ರಿಯ ಮುಂದೆ ಅವನೇನು ಹೇಳಿಯಾನು?

ಎಂಜಿನ್ ಚಾಲೂ ಆಯಿತು. ಒಡ್ಡಿನ ಮೇಲೆ ಇನ್ನೂರು ಕಣ್ಣು. ಹಣಮಪ್ಪ ಗೇರು ಹಾಕಿದ, ಬುಲ್ಡೋಜರು ಗರ್ಜಿಸಿತು, ಮೈ ನಡುಗಿಸಿತು, ಇದ್ದಲ್ಲೇ ಇತ್ತು. ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಎಣ್ಣೆ ತೊಟ್ಟಿಯ ತೂತಿನಿಂದ ಮಾತ್ರ ಗುಳುಗುಳು, ಗುಳುಗುಳು ಎಂದು ಸದ್ದು ಬಂತು, ನೀರೊಳಗೆ ಯಾರೋ ಊದಿದ ಹಾಗೆ.

“ಬಂದ್ ಮಾಡಬೇಕು, ಒಣಾ ತಿರುಗಿ ಹಲ್ಲು ಸುಟ್ಟಾವು!” ಎಂದು ಹಣಮಪ್ಪನೇ ತನಗೆ ತಾನು ಹೇಳಿಕೊಂಡು ಬಂದ್ ಮಾಡಿದ.

“ಎಣ್ಣಿ ಖೊಟ್ಟಿ ಐತಿ” ಎಂದ ಈರಪ್ಪ. ಕಬ್ಬಿನ ದೋಷದ ಜಾಗಕ್ಕೆ ಎಣ್ಣೆಯ ದೋಷ ಬಂತು, ಅಷ್ಟೇ ವ್ಯತ್ಯಾಸ.

ಅದೇ ಹೊತ್ತಿಗೆ ಮೇಲಿನ ಹಳ್ಳಿಯಿಂದ ಸೈಕಲ್ಲಿನ ಮೇಲೆ ಒಬ್ಬ ತೊಯ್ದು ತೊಪ್ಪೆಯಾಗಿ ಬಂದ. “ಹಳ್ಳ ಬಂತ್ರಿ! ನಮ್ಮೂರ ದಾಟೇತಿ! ಎದಿಮಟ ಐತಿ! ಮೂರು ತಾಸಿನ್ಯಾಗ ಇಲ್ಲಿ!” ಆಗ ಮಧ್ಯಾಹ್ನ ಹನ್ನೆರಡು. ಬಾಯಿ ಮುಚ್ಚಲು ಗಾಡಿಗೆ ಎರಡು ತಾಸಾದರೂ ಬೇಕು.

ಲಗಮಪ್ಪನ ಸಿಟ್ಟು ಪೂರ್ತಿ ಹಣಮಪ್ಪನ ಮೇಲೆ ಹರಿಯಿತು. ಮಿಸ್ತ್ರಿ ಊರವನು, ಹಣಮಪ್ಪ ಪರವೂರವನು. ಬೈಯಲು ಯಾರು ಅನುಕೂಲ ಎಂದು ಬೇರೆ ಹೇಳಬೇಕೆ? “ಸರಕಾರಿ ಗಾಡಿ ಅಂತ ಹೆಂಗ ಬೇಕಾದಂಗ ಹೊಡದು ಮುರದ ಇಟ್ಟಿ! ನಿಮ್ಮ ಸಾಹೇಬರಿಗೆ ಬರೀತೇನಿ ನಾ. ನೌಕರಿ ಹೆಂಗ ಉಳೀತೈತಿ ನೋಡೂನು!”

ಹಣಮಪ್ಪ ತಲೆ ತಗ್ಗಿಸಿ ನಿಂತ. ಪೈಪಿನ ಮಾತು ಅವನ ಬಾಯಿಂದ ಬರುತ್ತದೆ ಎಂದು ಈರಪ್ಪ ಕಾದ. ಬರಲಿಲ್ಲ. ಬಂದಿದ್ದರೆ ಜಗಳ ತೆಗೆದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಬರದಿದ್ದಕ್ಕೆ ಈರಪ್ಪನ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು.

ಇತ್ತ ಮುದಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅರವತ್ತರ ಹೆಂಗಸು, ಮಣ್ಣು ಹೊರುವ ಹೆಂಗಸರಿಗೆಲ್ಲ ಮುಂದಾಳು. ಒಡ್ಡಿನ ಈಚೆ ತೋಳಿನಲ್ಲಿ ಅವಳ ತಲೆಯಿಂದ ಇಳಿಯದ ಒಂದು ಮೊಳ ಮಣ್ಣಿರಲಿಲ್ಲ. “ಅಳಕೋತ ಕುಂತ್ರ ಬಾಯಿ ಮುಚ್ಚತೈತೇನು? ಏಳ್ರೇ, ಬುಟ್ಟಿ ತಗೋರಿ!” ಎಂದಳು. ನಲವತ್ತು ಹೆಂಗಸರು ಎದ್ದು ಬುಟ್ಟಿ ತುಂಬತೊಡಗಿದರು. ಹತ್ತು ಮಾರಿನ ಬಾಯಿಗೆ ಬುಟ್ಟಿಯ ಮಣ್ಣು ಎಷ್ಟರದು ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹೊತ್ತರು. ಈರಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಮತ್ತೆ ಗಾಡಿಯಡಿ ನುಸುಳಿ, ಪಂಪು ಬಿಚ್ಚಿಕೊಂಡು ಬಂದು, ಮುಚ್ಚಳ ತೆಗೆದು ತೊಡೆಯ ಮೇಲಿಟ್ಟುಕೊಂಡು ದಿಟ್ಟಿಸಿದ. ಎಲ್ಲ ಸರಿಯಾಗಿದೆ. ಚಾವಿ ಸರಿ, ಹಲ್ಲು ಸರಿ. ಮತ್ತೇಕೆ?

ನೀರು ಕುಡಿಯಲು ಬಂದ ಮುದಕವ್ವ ಅವನ ಪಕ್ಕ ನಿಂತು ಹಣಿಕಿದಳು. “ಏನೋ ಈರಪ್ಪಾ, ಒಂದು ತಾಸು ಅಂದಿದ್ದಿ?”

“ನಂದೇನೂ ತಪ್ಪಿಲ್ಲಬೇ ಯವ್ವಾ!” ಈರಪ್ಪ ಕೆರಳಿದ. “ನೀನ ನೋಡು. ಗಾಣ ನೋಡಿಯಿಲ್ಲೋ ನೀ? ಇಲ್ಲಿ ಹಲ್ಲು ಬಂದು ಕೂಡತಾವ. ಇದು ಬಾಯಿ. ಇಲ್ಲಿ ಕೊಟ್ಟಿದ್ದು ನಡುವ ಹಾದು ಆ ಕಡೆ ಬೀಳಬೇಕು. ತಾ ಒಂದು ಕಾಳು.”

ಮುದಕವ್ವನ ಉಡಿಯಲ್ಲಿ ಯಾವಾಗಲೂ ಹುರಿದ ಜೋಳ ಇರುತ್ತಿತ್ತು. ನಾಲ್ಕು ಕಾಳು ಅವನ ಅಂಗೈಗೆ ಹಾಕಿದಳು. ಈರಪ್ಪ ಒಂದು ಕಾಳನ್ನು ಹಲ್ಲುಗಳು ಬಂದು ಕಚ್ಚುವ ಕಡೆ ಇಟ್ಟು, ಎಂಜಿನ್ ತಿರುಗಿಸುವ ದಿಕ್ಕಿಗೇ ಅಚ್ಚನ್ನು ಕೈಯಿಂದ ತಿರುಗಿಸಿದ.

ಕಾಳು ಒಳಗೆ ಹೋಗಲಿಲ್ಲ. ಒಂದು ಚಕ್ರದ ಸಂದಿಗೆ ಇನ್ನೊಂದರ ಹಲ್ಲು ಬಂದು ಕೂತದ್ದೇ, ಎಣ್ಣೆಗೆ ಜಾರಿದ ಕಾಳು ಪಟ್ಟನೆ ಹೊರಗೆ ಸಿಡಿದು ಅವನ ಮೂಗಿಗೆ ಬಡಿಯಿತು.

ಇನ್ನೊಂದು ಇಟ್ಟ. ಅದೂ ಹೊರಗೆ. ಮೂರನೆಯದು ಗಡ್ಡದ ಮೇಲೆ.

ಮುದಕವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡಳು. “ಅದು ಉಗಳಾಕತ್ತೇತಲ್ಲೋ ತಮ್ಮಾ. ಉಗುಳೂ ಕಡೆ ಉಣಸಾಕ ಹ್ವಾದ್ರ ಹೆಂಗ ಉಂಡೀತು?”

ಈರಪ್ಪನ ಕೈ ನಿಂತುಬಿಟ್ಟಿತು. ಉಳಿದದ್ದು ಒಂದೇ ಕಾಳು. ಅದನ್ನು ಆಚೆ ಬದಿಗೆ, ಹಲ್ಲುಗಳು ಒಂದನ್ನೊಂದು ಬಿಟ್ಟು ದೂರ ಸರಿಯುವ ಕಡೆ ಇಟ್ಟ. ಉಸಿರು ಬಿಗಿಹಿಡಿದು ತಿರುಗಿಸಿದ. ಹಲ್ಲು ಸಂದಿಯಿಂದ ಎದ್ದದ್ದೇ ಅಲ್ಲಿ ಖಾಲಿ ಜಾಗ ಆಯಿತು. ಕಾಳು ಆ ಖಾಲಿಗೆ ಉರುಳಿ ಕೂತಿತು. ಮುಂದೆ ನಡುವೆ ಹೋಗಲಿಲ್ಲ; ಗೋಡೆಯ ಪಕ್ಕ ಹಿಡಿದು, ಚಕ್ರದ ಹಲ್ಲಿನ ಸಂದಿಯಲ್ಲಿ ಕೂತೇ ಸವಾರಿ ಮಾಡುತ್ತ, ಸುತ್ತು ಹಾಕಿಕೊಂಡು ಈಚೆ ಬಂತು. ಈಚೆ ಬಂದಲ್ಲಿ ಎದುರಿನ ಹಲ್ಲು ಆ ಸಂದಿಗೆ ತಾನು ಕೂತು ಕಾಳನ್ನು ಹೊರಗೆ ತಳ್ಳಿತು. ಹಿಂದಿರುಗಿ ಹೋಗೋಣವೆಂದರೆ ನಡುವೆ ಹಲ್ಲಿಗೆ ಹಲ್ಲು ಕಚ್ಚಿ ಬಾಗಿಲು ಹಾಕಿದೆ.

“ಯಪ್ಪಾ!” ಈರಪ್ಪ ಎದ್ದು ನಿಂತ. ಕಣ್ಣು ಅರಳಿ ದೊಡ್ಡದಾದವು. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಕುಣಿಯುವಂಥ ಸಂತೋಷ. ಇಷ್ಟು ವರ್ಷ ಹಲ್ಲಿನ ಜೊತೆ ಬಾಳುವೆ ಮಾಡಿದರೂ ಹಲ್ಲಿಗೆ ಹೀಗೊಂದು ವಿದ್ಯೆ ಇದೆಯೆಂದು ಗೊತ್ತಿರಲಿಲ್ಲ! “ನಡುವ ಅಲ್ಲಬೇ, ಸುತ್ತು ಹಾಕಿ! ಗ್ವಾಡಿ ಹಿಡಕೊಂಡು! ಕಚ್ಚೂ ಕಡೆ ಬಾಯಿ ಅಲ್ಲ, ಹಲ್ಲು ಬಿಡೂ ಕಡೆ ಬಾಯಿ! ನಾ ತೊಟ್ಟಿ ಪೈಪು ಉಗುಳೂ ಕಡೆ ಹಚ್ಚೀನಿ. ಅದಕ್ಕ ತೊಟ್ಟಿಗೇ ಗಾಳಿ ಊದಾಕತ್ತಿತ್ತು ಅದು, ಗುಳುಗುಳು ಅಂತ!”

ಅಲ್ಲಿಗೆ ನಾಚಿಕೆಯೂ ಬಂದು ಮುಟ್ಟಿತು. ಲಗಮಪ್ಪ ಇನ್ನೂ ಹಣಮಪ್ಪನ ಮುಂದೆ ಕೈ ಬೀಸುತ್ತಲೇ ಇದ್ದ. ಈರಪ್ಪನಿಗೆ ಒಂದು ದಾರಿ ಇತ್ತು. ಸದ್ದಿಲ್ಲದೆ ಹೋಗಿ ಪೈಪು ಅದಲುಬದಲು ಮಾಡಿ, ಗಾಡಿ ಹೊರಟ ಮೇಲೆ ಎಣ್ಣೆಯ ದೋಷ ತೆಗೆದೆ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ದಾರಿ ಅವನ ಕಣ್ಣಿಗೆ ಬಿತ್ತು ಕೂಡ, ಸುಳ್ಳೇಕೆ ಹೇಳಲಿ. ಆದರೆ ತಲೆ ತಗ್ಗಿಸಿ ನಿಂತ ಹಣಮಪ್ಪನೂ ಕಣ್ಣಿಗೆ ಬಿದ್ದ.

“ಚೇರಮನ್ನರ!” ಎಂದು ಒಡ್ಡಿನ ಆಚೆ ತೋಳಿಗೂ ಕೇಳುವಂತೆ ಒದರಿದ. “ಅವನ್ನ ಬಿಡ್ರಿ! ಅಂವ ಮೊದಲ ಹೇಳಿದ್ದ, ಪೈಪು ಕತ್ತರಿ ಇರಬೇಕಂತ. ನಾ ಕೇಳಲಿಲ್ಲ. ತಪ್ಪು ನಂದು! ನಂದ ತಪ್ಪು!”

ಬುಟ್ಟಿ ಹೊತ್ತ ಹೆಂಗಸರು ನಡೆಯುವುದನ್ನು ನಿಲ್ಲಿಸಿದರು. ಲಗಮಪ್ಪನ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಹಳ್ಳ ಬರುವುದನ್ನಾದರೂ ಹುನ್ನೂರಿನವರು ನಂಬಿದ್ದರು, ಈರಪ್ಪನ ಬಾಯಿಂದ ಈ ಮಾತು ಬರುತ್ತದೆಂದು ಯಾರೂ ನಂಬಿರಲಿಲ್ಲ.

“ನೋಡಾಕತ್ತೀರೇನು, ಬ್ಯಾಟರಿ ಹಿಡೀರಿ!” ಎಂದು ತಾನೇ ಬೈದು ಗಾಡಿಯಡಿಗೆ ಹಾರಿದ.

ಹಣಮಪ್ಪ ಓಡಿ ಬಂದ. ಪಂಪಿನ ಬಾಯಿಗೆ ಒಂದು ಲೋಟ ಎಣ್ಣೆ ಮೊದಲೇ ಸುರಿದರು, ಒಣಗಿದ ಹಲ್ಲಿಗೆ ಎಳೆಯುವ ಹಿಡಿತ ಬರಲೆಂದು. ಪೈಪುಗಳು ಮತ್ತೆ ಕತ್ತರಿಯಾದವು. ಈ ಸಲ ಆ ಕತ್ತರಿ ಈರಪ್ಪನಿಗೆ ಬಲು ಚಂದ ಕಂಡಿತು. ಕೊನೆಯ ಬೋಲ್ಟು ಬಿಗಿಯುವಾಗ ಒಂದು ಗಂಟೆ ಹತ್ತಿರ ಬಂದಿತ್ತು, ಗಾಳಿಯಲ್ಲಿ ಹಸಿ ಮಣ್ಣಿನ ವಾಸನೆ ಏಳುತ್ತಿತ್ತು.

ಎಂಜಿನ್ ಕೆಮ್ಮಿ ಎದ್ದಿತು. ಈರಪ್ಪ ಗಾಡಿ ಹತ್ತಿ ಹಣಮಪ್ಪನ ಪಕ್ಕ ನಿಂತು ಮುಳ್ಳನ್ನೇ ನೋಡಿದ. ಮುಳ್ಳು ಅಲುಗಲಿಲ್ಲ. ಒಂದು ಉಸಿರು, ಎರಡು ಉಸಿರು. ಮುಳ್ಳು ಒಮ್ಮೆ ನಡುಗಿತು. ಮತ್ತೆ ನಡುಗಿತು. ಆಮೇಲೆ ಸರ್ರನೆ ಎದ್ದು ಹಸಿರು ಗೆರೆ ಮುಟ್ಟಿ ಅಲ್ಲೇ ನಿಂತಿತು.

“ಎದ್ದತ್ರೀ!” ಎಂದ ಹಣಮಪ್ಪ. ಅವನ ಕೈ ಗೇರಿನ ಮೇಲೆ ಬಿತ್ತು. ಎಲ್ಲೋ ಒಳಗೆ ತಾಟುಗಳು ಒಂದನ್ನೊಂದು ಹಿಡಿದುಕೊಂಡವು, ಹದಿನೈದು ಟನ್ನಿನ ಕಬ್ಬಿಣ ಒಮ್ಮೆ ಮೈ ಜಗ್ಗಿ ಮುಂದೆ ಹೊರಟಿತು. ಒಡ್ಡಿನ ಮೇಲೆ ಎದ್ದ ಕೂಗಿಗೆ ಎಂಜಿನ್ ಸದ್ದೂ ಅಡಗಿತು.

ಆ ಎರಡು ತಾಸು ಈರಪ್ಪ ಗಾಡಿಯಿಂದ ಇಳಿಯಲೇ ಇಲ್ಲ. ಬುಲ್ಡೋಜರು ಮುಂದಿನ ಅಲಗನ್ನು ಮಣ್ಣಿನ ಗುಡ್ಡೆಗೆ ಹೊಗಿಸಿ, ಅರ್ಧ ಗುಡ್ಡೆಯನ್ನು ತಳ್ಳಿಕೊಂಡು ಬಾಯಿಗೆ ಸುರಿದು, ಹಿಂದೆ ಸರಿದು, ಮತ್ತೆ ತಳ್ಳಿ, ಸುರಿದ ಮಣ್ಣಿನ ಮೇಲೆ ಚೈನಿನಿಂದ ತುಳಿದು ತುಳಿದು ಗಟ್ಟಿ ಮಾಡಿತು. ಹೆಂಗಸರು ಅಂಚು ಸರಿಮಾಡಿದರು. ಲಗಮಪ್ಪ ಟೋಪಿಯನ್ನು ಎಲ್ಲೋ ಬಿಟ್ಟು ಸಲಿಕೆ ಹಿಡಿದಿದ್ದ. ಈರಪ್ಪನ ಕಿವಿಯಲ್ಲಿ ಮಾತ್ರ ಬೇರೆಯದೇ ಸದ್ದು: ಆ ಗಲಾಟೆಯ ನಡುವೆ, ಕಾಲಡಿಯಲ್ಲಿ, ಸಣ್ಣಗೆ ಗುಂಯ್ ಎನ್ನುವ ಪಂಪು. ಇತ್ತ ಬಿಟ್ಟು ತುಂಬಿಕೋ, ಸುತ್ತು ಹಾಕು, ಅತ್ತ ಕಚ್ಚಿ ಒತ್ತು. ಒಂದೊಂದು ಸಂದಿಗೆ ಒಂದೊಂದು ಚಮಚೆ ಎಣ್ಣೆ, ಆ ಚಮಚೆಗಳೇ ಕೂಡಿ ಗುಡ್ಡ ತಳ್ಳುತ್ತಿದ್ದವು. ಅವನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಮೂರಕ್ಕೆ ಐದು ನಿಮಿಷ ಇರುವಾಗ ಹಳ್ಳ ಬಂತು. ಕೆಂಪು ನೀರು, ಮುಂದೆ ನೊರೆ, ಕಸ, ಬೇರುಸಮೇತ ಕಿತ್ತ ಜಾಲಿ. ಹಣಮಪ್ಪ ಕೊನೆಯ ಹೊರೆಯನ್ನು ಒಡ್ಡಿನ ತಲೆಗೆ ತಳ್ಳಿ, ಅದರ ಮೇಲೆ ಅಡ್ಡಡ್ಡ ಎರಡು ಸಲ ಓಡಾಡಿ ಪಕ್ಕಕ್ಕೆ ಸರಿದ. ನೀರು ಹೊಸ ಮಣ್ಣಿಗೆ ಬಂದು ಬಡಿಯಿತು. ಒಂದು ಹೆಂಟೆ ಕಳಚಿ ಬಿತ್ತು. ಮತ್ತೊಂದು ಕಳಚಲಿಲ್ಲ. ನೀರು ಹಿಂದೆ ತಿರುಗಿತು, ಸುಳಿ ಹಾಕಿತು, ಎಡಕ್ಕೂ ಬಲಕ್ಕೂ ಹಾದಿ ಹುಡುಕಿತು, ಸಿಗಲಿಲ್ಲ. ಆಮೇಲೆ ಸುಮ್ಮನೆ ಹರಡಿಕೊಂಡು ಏರತೊಡಗಿತು. ಹುನ್ನೂರಿನ ಜನ ಹಳ್ಳದಲ್ಲಿ ನಿಂತ ನೀರನ್ನು ಮೊದಲ ಸಲ ನೋಡಿದರು. ಹಣಮಪ್ಪ ಇಳಿದು ಬಂದು ಈರಪ್ಪನ ಎಣ್ಣೆ ಮೆತ್ತಿದ ಕೈ ಹಿಡಿದುಕೊಂಡ.

ಮುದಕವ್ವ ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದಳು. ಉಡಿಯಿಂದ ಹುರಿದ ಜೋಳ ತೆಗೆದು ಇಬ್ಬರ ಕೈಗೂ ಹಾಕಿದಳು.

“ಮಿಸ್ತ್ರೀ,” ಎಂದಳು, “ಬಾಯಿ ಎಲ್ಲೈತೋ ಈಗ?”

ಈರಪ್ಪ ನೀರಿನ ಕಡೆ ನೋಡಿದ. “ಮುಚ್ಚೇತಿ ಬೇ ಯವ್ವಾ.”

“ಯಾವುದು? ಕೆರಿದೋ, ನಿಂದೋ?”

ಈರಪ್ಪ ಎಲ್ಲರ ಮುಂದೆ ಹಲ್ಲು ಬಿಟ್ಟ.

“ಎರಡೂ.”